ನೂತನ ನ್ಯಾಯವಾದಿಯೂ ವೃತ್ತಿಬಾಂಧವ್ಯವೂ

ನ್ಯಾಯಾಲಯದ ಕನ್ನಡವನ್ನು ಕಿವಿಗೊಟ್ಟು ಕೇಳಿದವರಿಗೆ ಅಲ್ಲಿ ಹಲವು ಕಾಲಗಳು ಏಕತ್ರ ಮಾತನಾಡುತ್ತಿರುವುದು ತಿಳಿಯುತ್ತದೆ. ವಾದಿ, ಪ್ರತಿವಾದಿ, ಸಾಕ್ಷಿ ಎಂಬವು ಸಂಸ್ಕೃತದವು. ಜಾಮೀನು, ಫಿರ್ಯಾದಿ, ನಕಲು, ಶಿರಸ್ತೇದಾರ ಎಂಬವು ಅರಬ್ಬೀ ಪಾರಸಿಗಳಿಂದ ಇಳಿದುಬಂದವು. ಅಪೀಲು, ಸಮನ್ಸು, ವಾರಂಟುಗಳು ಇಂಗ್ಲಿಷಿನವು. ‘ವಕೀಲ’ ಎಂಬುದೂ ಅರಬ್ಬೀ ಮೂಲದ ಶಬ್ದವೇ. ಯಾರನ್ನು ನಂಬಿ ಮತ್ತೊಬ್ಬನು ತನ್ನ ಕಾರ್ಯವನ್ನು ಒಪ್ಪಿಸಿರುವನೋ ಅವನೇ ವಕೀಲ. ಆದುದರಿಂದ ವಕಾಲತ್ತೆಂಬುದು ಬರಿಯ ಸಹಿಯ ಕಾಗದವಲ್ಲ, ವಿಶ್ವಾಸದ ಪತ್ರ. ಆದರೆ ನಿನ್ನೆ ಸನ್ನದು ಪಡೆದು ಇಂದು ಕೋರ್ಟಿನ ಮೆಟ್ಟಿಲೇರಿದ ತರುಣನನ್ನು ನಂಬುವವರು ಯಾರು?

ತಂದೆಯೂ ವಕೀಲ, ತಾತನೂ ವಕೀಲ ಎಂಬ ಮನೆತನದ ಮಗನಿಗೆ ಈ ಪ್ರಶ್ನೆಯೇ ಏಳದು. ಅವನಿಗೆ ಕಪಾಟು ತುಂಬ ಗ್ರಂಥಗಳಿವೆ. ತಂದೆಯ ಹೆಸರನ್ನು ಹೇಳಿಕೊಂಡು ಬರುವ ಕಕ್ಷಿದಾರರಿದ್ದಾರೆ. ಪ್ರಶ್ನೆ ಏಳುವುದು ಒಕ್ಕಲಿಗನ, ನೇಕಾರನ, ಶಾಲೆಯ ಜವಾನನ ಮಗನಿಗೆ. ಕನ್ನಡ ಶಾಲೆಯಲ್ಲಿ ಓದಿ, ಕಾನೂನು ಪದವಿ ಪಡೆದು, ತನ್ನ ಊರಿಗೇ ಮೊದಲ ವಕೀಲನಾದವನಿಗೆ. ಊರವರು ಅವನನ್ನು ‘ವಕೀಲ ಸಾಹೇಬರೇ’ ಎಂದು ಕರೆಯುತ್ತಾರೆ. ಮನೆಯಲ್ಲಿ ತಾಯಿ, ಈ ತಿಂಗಳಾದರೂ ಏನಾದರೂ ಬಂತೇನಪ್ಪಾ ಎಂದು ಮೆಲ್ಲನೆ ಕೇಳುತ್ತಾಳೆ. ಈ ಎರಡು ಧ್ವನಿಗಳ ನಡುವೆ ನಾಲ್ಕಾರು ವರ್ಷ ನಿಲ್ಲಬಲ್ಲವನು ವಕೀಲನಾಗಿ ಉಳಿಯುತ್ತಾನೆ. ಉಳಿದವರು ಕರಿಯ ಕೋಟನ್ನು ಗೂಟಕ್ಕೆ ತೂಗುಹಾಕಿ ಬೇರೆ ನೌಕರಿ ಹಿಡಿಯುತ್ತಾರೆ. ಬುದ್ಧಿ ಸಾಲದೆ ಹೋದವರು ವಿರಳ. ಆಸರೆ ಸಾಲದೆ ಹೋದವರೇ ಬಹಳ.

ಶಾಸನವು ಈ ಆಸರೆಯ ವಿಷಯದಲ್ಲಿ ಹಿಂದೆಮುಂದೆ ನೋಡುತ್ತಲೇ ಬಂದಿದೆ. ಪ್ಲೀಡರು, ಮುಖ್ತ್ಯಾರ ಮೊದಲಾದ ಮೇಲುಕೀಳು ದರ್ಜೆಗಳನ್ನು ಅಳಿಸಿ ಎಲ್ಲರನ್ನೂ ಒಂದೇ ಪಂಕ್ತಿಗೆ ತರಲು ಹೊರಟ 1961ರ ಅಧಿನಿಯಮವು ಮೊದಲಿಗೆ ತರಬೇತಿಯನ್ನೂ ವಿಧಿಸಿತ್ತು. 1973ರ ತಿದ್ದುಪಡಿಯು ಅದನ್ನು ಕಿತ್ತುಹಾಕಿತು. 1995ರಲ್ಲಿ ಭಾರತೀಯ ವಕೀಲರ ಪರಿಷತ್ತು ಒಂದು ವರ್ಷದ ಶಿಕ್ಷಣವನ್ನು ಮತ್ತೆ ತಂದಾಗ, ಹಾಗೆ ವಿಧಿಸುವ ಅಧಿಕಾರ ಪರಿಷತ್ತಿಗಿಲ್ಲವೆಂದು 1999ರಲ್ಲಿ ಸರ್ವೋಚ್ಚ ನ್ಯಾಯಾಲಯ ಹೇಳಿತು. 2011ರಿಂದ ಅಖಿಲ ಭಾರತ ಪರೀಕ್ಷೆಯೊಂದು ನಡೆಯುತ್ತಿದೆ. ಪರೀಕ್ಷೆಯು ಕಲಿತದ್ದನ್ನು ಅಳೆಯಬಲ್ಲುದೇ ಹೊರತು ಕಲಿಸಲಾರದು. ಸನ್ನದಿನ ಶುಲ್ಕವು ಶಾಸನ ಹೇಳಿದ 750 ರೂಪಾಯಿಗಳನ್ನು ಮೀರಕೂಡದೆಂದು 2024ರಲ್ಲಿ ಬಂದ ತೀರ್ಪು ಬಡ ಮನೆಗಳ ಮಕ್ಕಳಿಗೆ ಬಾಗಿಲನ್ನು ತುಸು ಅಗಲಿಸಿತು. ಬಾಗಿಲ ಒಳಗೆ ಬಂದ ಮೇಲೆ ಕೂರಲು ಮಣೆ ಹಾಕುವವರಾರು ಎಂಬುದು ಬೇರೆಯೇ ಮಾತು.

ಆ ಮಣೆಯನ್ನು ಹಿಂದಿನಿಂದಲೂ ಹಾಕುತ್ತ ಬಂದವರು ಹಿರಿಯ ವಕೀಲರು. ಹಿರಿಯರ ಆಫೀಸೆಂಬುದು ಒಂದು ಬಗೆಯ ಗುರುಕುಲ. ಕಲಿಸುವುದಕ್ಕಾಗಿ ಶಿಷ್ಯನಿಂದ ಹಣ ಪಡೆಯುವುದು ಅನುಚಿತವೆಂದು ಪರಿಷತ್ತಿನ ನಿಯಮವೇ ಹೇಳುತ್ತದೆ. ಆದರೆ ಶಿಷ್ಯನಿಗೆ ಏನು ಕೊಡಬೇಕೆಂಬುದನ್ನು ಬಹುಕಾಲ ಯಾರೂ ಹೇಳಲಿಲ್ಲ. 2024ರ ಅಕ್ಟೋಬರಿನಲ್ಲಿ ಪರಿಷತ್ತು ಪಟ್ಟಣಗಳಲ್ಲಿ ತಿಂಗಳಿಗೆ 20,000, ಗ್ರಾಮಪ್ರದೇಶಗಳಲ್ಲಿ 15,000 ರೂಪಾಯಿಗಳ ವೇತನವನ್ನು ಕಿರಿಯರಿಗೆ ಕೊಡುವುದು ಯೋಗ್ಯವೆಂದು ಸೂಚಿಸಿತು. ಸೂಚನೆಯೇ ವಿನಾ ಆಜ್ಞೆಯಲ್ಲ. ತಾಲ್ಲೂಕಿನ ಹಿರಿಯರಲ್ಲಿ ಅಷ್ಟು ಕೊಡಬಲ್ಲವರು ಎಷ್ಟು ಮಂದಿ ಎಂದು ಕೇಳಿದರೆ, ಉತ್ತರಕ್ಕೆ ಮೊದಲು ಒಂದು ನಿಟ್ಟುಸಿರು ಬರುತ್ತದೆ.

ಹಣದ ಮಾತು ಹಾಗಿರಲಿ, ವಿದ್ಯೆಯಾದರೋ ಅಲ್ಲಿ ವಿಚಿತ್ರ ಮಾರ್ಗಗಳಿಂದ ಬರುತ್ತದೆ. ಅರ್ಧ ಪಾಠ ಹಿರಿಯರದಾದರೆ ಅರ್ಧ ಪಾಠ ಗುಮಾಸ್ತನದು. ಮೂವತ್ತು ವರ್ಷ ಕಡತಗಳನ್ನು ಹೊತ್ತ ಉತ್ತರ ಕರ್ನಾಟಕದ ಗುಮಾಸ್ತ, “ಉತಾರ ನೋಡದ ದಾವಾ ಬರೀಬ್ಯಾಡ್ರಿ, ವಕೀಲರ” ಎಂದರೆ, ಪಹಣಿಯನ್ನು ಪರಿಶೀಲಿಸದೆ ಭೂಮಿಯ ವ್ಯಾಜ್ಯಕ್ಕೆ ಕೈಹಾಕಬಾರದೆಂಬ ಒಂದು ಇಡೀ ಅಧ್ಯಾಯ ಆ ಒಂದೇ ವಾಕ್ಯದಲ್ಲಿ ಅಡಗಿರುತ್ತದೆ. ದಾವೆಯನ್ನು ದೀರ್ಘವಾಗಿ ಬರೆದು ತಂದ ಹೊಸಬನ ಹಾಳೆಗಳಲ್ಲಿ ಮುಕ್ಕಾಲು ಭಾಗವನ್ನು ಹಿರಿಯರು ಹೊಡೆದುಹಾಕುತ್ತಾರೆ. ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ ಕಲ್ಯಾಣದಲ್ಲಿದ್ದ ವಿಜ್ಞಾನೇಶ್ವರನು ಯಾಜ್ಞವಲ್ಕ್ಯಸ್ಮೃತಿಗೆ ಬರೆದ ವ್ಯಾಖ್ಯಾನಕ್ಕೆ ‘ಮಿತಾಕ್ಷರಾ’ ಎಂದು ಹೆಸರಿಟ್ಟುದು ಇಲ್ಲಿ ನೆನಪಾಗದಿರದು. ಆ ಹೆಸರಿನಲ್ಲಿಯೇ ವಕೀಲನಿಗೊಂದು ಬುದ್ಧಿವಾದವಿದೆ. ಹೆಣ್ಣುಮಕ್ಕಳಿಗೂ ಹುಟ್ಟಿನಿಂದ ಸಮಪಾಲೆಂದು ಕರ್ನಾಟಕದಲ್ಲಿ 1994ರಲ್ಲಿ, ಭಾರತಕ್ಕೆಲ್ಲ 2005ರಲ್ಲಿ ಶಾಸನವಾದ ಮೇಲೂ ಪಾಲುಪಾರಿಕತ್ತಿನ ದಾವೆಗಳು ಆ ಗ್ರಂಥ ಹಾಕಿದ ತಳಹದಿಯ ಮೇಲೆಯೇ ನಡೆಯುತ್ತಿವೆ.

ಆದರೆ ಹಿರಿಯರ ಆಶ್ರಯ ಎಲ್ಲರಿಗೂ ದೊರೆಯುವುದಿಲ್ಲ. ದೊರೆಯದವರು ತಮ್ಮೊಳಗೆ ತಾವೇ ಕೂಡಿಕೊಳ್ಳಬೇಕು. ತಾಲ್ಲೂಕು ಸ್ಥಳವೊಂದರಲ್ಲಿ ಅಂಥ ಐವರು ಕೋರ್ಟಿನ ಹಿಂದಣ ಓಣಿಯಲ್ಲಿ ಒಂದೇ ಕೋಣೆಯನ್ನು ಬಾಡಿಗೆಗೆ ಹಿಡಿದರು. ಒಂದು ಮೇಜು, ಮೂರು ಕುರ್ಚಿ. ಕಕ್ಷಿದಾರನು ಬಂದಾಗ ಇಬ್ಬರು ಎದ್ದು ಹೊರಗೆ ನಿಲ್ಲಬೇಕು. ಒಬ್ಬನಿಗೆ ಇಂಗ್ಲಿಷು ಸುಲಭ, ಆದರೆ ಭೂಮಿಯ ಲೆಕ್ಕ ತಿಳಿಯದು. ಮತ್ತೊಬ್ಬನಿಗೆ ಗುಂಟೆ ಆಣೆಗಳೆಲ್ಲ ಕಂಠಸ್ಥ, ಇಂಗ್ಲಿಷಿನ ತೀರ್ಪನ್ನು ಓದುವಾಗ ಬೆವರು. ಒಬ್ಬನಿಗೆ ಜ್ವರ ಬಂದರೆ ಇನ್ನೊಬ್ಬನು ನ್ಯಾಯಾಧೀಶರ ಮುಂದೆ ನಿಂತು ವಾಯಿದೆ ಕೇಳಿದನು. ಗ್ರಂಥಗಳನ್ನು ಚಂದಾ ಹಾಕಿ ಕೊಂಡರು.

2024ರ ಜುಲೈ 1ರಂದು ದಂಡಸಂಹಿತೆಯೂ ಸಾಕ್ಷ್ಯ ಅಧಿನಿಯಮವೂ ಹೋಗಿ ಹೊಸ ಸಂಹಿತೆಗಳು ಬಂದಾಗ ಈ ಕೋಣೆಗೆ ಒಂದು ಬಗೆಯ ಸುಕಾಲ ಬಂದಿತು. ನಲವತ್ತು ವರ್ಷಗಳಿಂದ 302, 420 ಎಂದು ನಾಲಗೆಯ ತುದಿಯಲ್ಲಿಟ್ಟುಕೊಂಡಿದ್ದ ಹಿರಿಯರು 103 ಯಾವುದು, 318 ಯಾವುದು ಎಂದು ಕಿರಿಯರನ್ನು ಕೇಳತೊಡಗಿದರು. ಆ ದಿನಕ್ಕೆ ಮುಂಚಿನ ಅಪರಾಧಗಳಿಗೆ ಹಳೆಯ ಸಂಹಿತೆಯೇ ಅನ್ವಯಿಸುವುದರಿಂದ ಎರಡನ್ನೂ ಬಲ್ಲವನೇ ಬೇಕಾದನು. ಐವರೂ ಸಂಜೆ ಕುಳಿತು ಹಳೆಯ ಕಲಮು, ಹೊಸ ಕಲಮುಗಳ ಪಟ್ಟಿಯನ್ನು ಕನ್ನಡದಲ್ಲಿ ಬರೆದರು. ಆ ಪಟ್ಟಿಯ ಪ್ರತಿಗಾಗಿ, ಅದುವರೆಗೆ ಅವರ ನಮಸ್ಕಾರಕ್ಕೆ ತಲೆಯಲ್ಲಾಡಿಸಿ ಹೋಗುತ್ತಿದ್ದವರೂ ಕೋಣೆಯ ಹೊಸ್ತಿಲು ತುಳಿದರು.

ಲೋಕಕ್ಕೆ ವಕೀಲರ ಸ್ನೇಹದಲ್ಲಿ ಒಂದು ಶಂಕೆಯುಂಟು. ಕೋರ್ಟಿನಲ್ಲಿ ಹುಲಿಗಳಂತೆ ಕಾದಾಡಿದವರು ಮಧ್ಯಾಹ್ನ ಒಂದೇ ಬೆಂಚಿನ ಮೇಲೆ ಚಹಾ ಕುಡಿಯುವುದನ್ನು ಕಂಡ ರೈತನು, ತನ್ನ ಹೊಲ ಆ ಚಹಾದಲ್ಲೇ ಕರಗಿತೆಂದು ತಿಳಿಯುತ್ತಾನೆ. ಅವನ ಶಂಕೆ ನಿರಾಧಾರವೆಂದು ಎಲ್ಲ ಸಂದರ್ಭಗಳಲ್ಲೂ ಹೇಳಬರುವಂತಿಲ್ಲ. ಆದರೂ ಜಗಳ ಕಕ್ಷಿದಾರರದು, ವಕೀಲರದಲ್ಲ. ಎದುರಾಳಿಯು ಇಂಥ ದಿನ ದಾಖಲೆ ತೋರಿಸುವೆನೆಂದು ಬಾಯಿಮಾತಿನಲ್ಲಿ ಹೇಳಿದರೆ ಅದನ್ನು ನಂಬಬಹುದಾದ ಕೋರ್ಟಿನಲ್ಲಿ ಮೊಕದ್ದಮೆ ಬೇಗ ಸಾಗುತ್ತದೆ. ನಂಬಲಾಗದಲ್ಲಿ ಪ್ರತಿಯೊಂದಕ್ಕೂ ಅರ್ಜಿ, ತಕರಾರು, ವಾಯಿದೆ. ಆ ವಿಳಂಬದ ಖರ್ಚನ್ನು ಹೊರುವವನೂ ಅದೇ ರೈತನೇ.

ಈ ಬಾಂಧವ್ಯದ ಒಂದು ಕುರುಹು ವಕಾಲತ್ತಿನ ಮೇಲೆಯೇ ಇದೆ; ಕಕ್ಷಿದಾರರು ಅದನ್ನು ಗಮನಿಸುವುದಿಲ್ಲ. 1983ರ ಕರ್ನಾಟಕ ವಕೀಲರ ಕಲ್ಯಾಣನಿಧಿ ಅಧಿನಿಯಮದಂತೆ ಪ್ರತಿಯೊಂದು ವಕಾಲತ್ತಿಗೂ ಒಂದು ಚೀಟಿಯನ್ನು ಅಂಟಿಸಬೇಕು. ಅದರ ಹಣವು ನಿಧಿಗೆ ಸೇರಿ, ವೃತ್ತಿಯಿಂದ ನಿವೃತ್ತನಾದ ಸದಸ್ಯನಿಗೋ ಮೃತನಾದವನ ಮನೆಯವರಿಗೋ ಸಲ್ಲುತ್ತದೆ. ಹೊಸಬನು ತನ್ನ ಮೊದಲ ವಕಾಲತ್ತಿಗೆ ಚೀಟಿ ಅಂಟಿಸುವಾಗ, ತಾನು ಎಂದೂ ಕಾಣದ ಯಾವುದೋ ಊರಿನ ವಕೀಲನ ಮನೆಗೆ ಹಿಡಿ ಅಕ್ಕಿ ಕಳಿಸುತ್ತಿರುತ್ತಾನೆ.

ಇಷ್ಟಾದರೂ ಈ ಪಂಕ್ತಿಯಲ್ಲಿ ಎಲ್ಲರಿಗೂ ಎಲೆ ಹಾಕಿದೆಯೆನ್ನಲಾಗದು. 1916ರಲ್ಲಿ ಕಲಕತ್ತೆಯ ಉಚ್ಚ ನ್ಯಾಯಾಲಯವು ರೆಜಿನಾ ಗುಹಾ ಅವರಿಗೆ, ಹೆಂಗಸೆಂಬ ಒಂದೇ ಕಾರಣಕ್ಕೆ, ವಕೀಲಿಯನ್ನು ನಿರಾಕರಿಸಿತ್ತು. ಆ ಅಡ್ಡಿಯನ್ನು ತೆಗೆದುದು 1923ರ ಶಾಸನ. ಶತಮಾನ ಕಳೆದರೂ ಎಷ್ಟೋ ಚಿಕ್ಕ ಊರುಗಳಲ್ಲಿ ಸಂಘದ ಕೋಣೆಯ ಹರಟೆ ಗಂಡಸರ ಹರಟೆಯೇ. ಕೇಸುಗಳು ಕೈಯಿಂದ ಕೈಗೆ ದಾಟುವುದು ಅಂಥ ಹರಟೆಯಲ್ಲಿ ಎಂಬುದನ್ನು ಬಲ್ಲವರಿಗೆ, ಮೂಲೆಯ ಕುರ್ಚಿಯಲ್ಲಿ ಒಬ್ಬಳೇ ಕಡತ ತಿರುವುವ ತರುಣಿಯ ನಷ್ಟ ಎಷ್ಟೆಂಬುದು ತಿಳಿಯುತ್ತದೆ.

ಮೇಲೆ ಹೇಳಿದ ಐವರ ಕೋಣೆಗೆ ಆರನೆಯವಳಾಗಿ ಬಂದವಳು ಅಂಥವಳೇ. ಕುರ್ಚಿ ಮೂರೇ ಇದ್ದುವಾದ್ದರಿಂದ ಅವಳು ಮನೆಯಿಂದ ತನ್ನದೊಂದನ್ನು ತಂದಳು. ಆ ವರ್ಷ ಐವರಲ್ಲಿ ಒಬ್ಬನು ಬೆಂಗಳೂರಿನ ಕಂಪನಿಯೊಂದರ ನೌಕರಿಗೆ ಹೊರಟು ನಿಂತಿದ್ದನು. ಅಣ್ಣತಮ್ಮಂದಿರ ಪಾಲಿನ ದಾವೆಯೊಂದರಲ್ಲಿ ತಂಗಿಯರಿಬ್ಬರು ಅವಳನ್ನು ಹುಡುಕಿಕೊಂಡು ಬಂದಾಗ, ಅವಳು ವಕಾಲತ್ತಿನ ಮೇಲೆ ತನ್ನ ಹೆಸರಿನ ಕೆಳಗೆ ಅವನ ಹೆಸರನ್ನೂ ಬರೆದು ಸಹಿಗಾಗಿ ಮುಂದಿಟ್ಟಳು. ಆ ದಾವೆ ಇನ್ನೂ ನಡೆಯುತ್ತಿದೆ. ಅವನೂ ಊರಿನಲ್ಲಿಯೇ ಇದ್ದಾನೆ.