ಹರಾಜಿನ ನೋಟ್‌ಬುಕ್ಕು

ಹುಬ್ಬಳ್ಳಿ ಬಿಟ್ಟು ನಾಗಪುರಕ್ಕೆ ಬಂದು ಒಂಬತ್ತು ವರ್ಷವಾಯಿತು. ಮಿಹಾನ್‌ನಲ್ಲಿ ಸಾಫ್ಟ್‌ವೇರ್ ಕೆಲಸ. ಈ ಊರು ನನಗೆ ಹಚ್ಚಿದ ಚಟ ಎರಡೇ. ಒಂದು, ಬೆಳಿಗ್ಗೆ ತರ್ರಿ ಪೋಹೆ. ಇನ್ನೊಂದು, ಪ್ರತಿ ವರ್ಷ ಐಪಿಎಲ್ ಹರಾಜಿಗೆ ಮುಂಚೆ ದೇಶೀ ಕ್ರಿಕೆಟ್ಟಿನ ಹುಡುಗರ ಬಗ್ಗೆ ನೋಟ್‌ಬುಕ್ಕಿನಲ್ಲಿ ಬರೆದಿಡುವುದು. ಹೆಸರು, ವಯಸ್ಸು, ಎಷ್ಟು ರನ್, ಎಷ್ಟು ವಿಕೆಟ್, ಯಾವ ಪಿಚ್ಚಿನಲ್ಲಿ. ಕೊನೆಯ ಸಾಲಿನಲ್ಲಿ ನನ್ನ ಅಂದಾಜು: ಈತ ಹೋಗುತ್ತಾನೋ ಇಲ್ಲವೋ, ಹೋದರೆ ಎಷ್ಟಕ್ಕೆ. ಯಾರೂ ಬರಿ ಅಂದಿಲ್ಲ, ಯಾರಿಗೂ ತೋರಿಸಿಲ್ಲ.

ಶುರುವಾಗಿದ್ದು ಸಿಟ್ಟಿನಿಂದ. 2017ರ ಡಿಸೆಂಬರ್, ಈಡನ್ ಗಾರ್ಡನ್ಸ್‌ನಲ್ಲಿ ರಣಜಿ ಸೆಮಿಫೈನಲ್. ಗೆಲ್ಲಲು ಕರ್ನಾಟಕಕ್ಕೆ ಬೇಕಿದ್ದದ್ದು 198, ಆಗಿದ್ದು 192. ವಿದರ್ಭದ ರಜನೀಶ್ ಗುರ್ಬಾನಿ ಆ ಇನಿಂಗ್ಸ್‌ನಲ್ಲಿ ಏಳು, ಪಂದ್ಯದಲ್ಲಿ ಒಟ್ಟು ಹನ್ನೆರಡು ವಿಕೆಟ್ ಕಿತ್ತ. ಆಫೀಸಿನಲ್ಲಿ ನಾನೊಬ್ಬನೇ ಕನ್ನಡದವನು, ನನ್ನ ಗತಿ ನೀವೇ ಊಹಿಸಿಕೊಳ್ಳಿ. ಇಂದೋರಿನ ಫೈನಲ್‌ನಲ್ಲಿ ದೆಹಲಿ ಮೇಲೆ ಹ್ಯಾಟ್ರಿಕ್ ಬೇರೆ. ವಿದರ್ಭಕ್ಕೆ ಮೊದಲ ರಣಜಿ ಟ್ರೋಫಿ ಬಂತು. ಸಿಟ್ಟು ಇಳಿದ ಮೇಲೆ ಮೊದಲ ಪುಟದಲ್ಲಿ ಬರೆದೆ: 'ಗುರ್ಬಾನಿ. ಖಂಡಿತ. ಎರಡು ಕೋಟಿಗೆ ಕಡಿಮೆ ಇಲ್ಲ.' ತಿಂಗಳೊಳಗೆ ಬೆಂಗಳೂರಿನಲ್ಲಿ ಹರಾಜು ನಡೆಯಿತು. ಒಂದು ತಂಡವೂ ಅವನಿಗೆ ಕೈ ಎತ್ತಲಿಲ್ಲ.

ಆಮೇಲೆ ಸ್ವಲ್ಪ ತಿಳಿಯಿತು. ಹರಾಜಿನ ಮೇಜಿಗೆ ಕೂತವರು ಒಳ್ಳೆಯ ಬೌಲರ್ ಯಾರು ಅಂತ ಕೇಳುವುದಿಲ್ಲ, ತಮಗೆ ಹದಿನೆಂಟನೇ ಓವರ್ ಹಾಕುವವರು ಯಾರು ಅಂತ ಕೇಳುತ್ತಾರೆ. ಬೆಳಗಿನ ತೇವದಲ್ಲಿ, ಕೆಂಪು ಚೆಂಡಿನಲ್ಲಿ, ಮೂರು ಸ್ಲಿಪ್ ಇಟ್ಟುಕೊಂಡು ತೆಗೆದ ವಿಕೆಟ್ಟುಗಳು ಆ ಪ್ರಶ್ನೆಗೆ ಉತ್ತರ ಕೊಡುವುದಿಲ್ಲ. ಹಾಗಂತ ಕೊಂಡವರ ಲೆಕ್ಕವೂ ಸರಿ ಅಂತಲ್ಲ. ನಮ್ಮ ಕೆ. ಗೌತಮ್‌ಗೆ 2021ರಲ್ಲಿ ಚೆನ್ನೈ ಕೊಟ್ಟಿದ್ದು 9.25 ಕೋಟಿ. ಆ ಸೀಸನ್ನಿನಲ್ಲಿ ಒಂದು ಪಂದ್ಯವನ್ನೂ ಆಡಿಸಲಿಲ್ಲ. 2024ರಲ್ಲಿ ವೈಭವ್ ಸೂರ್ಯವಂಶಿಯನ್ನು ರಾಜಸ್ಥಾನ ತಂಡದವರು ಟ್ರಯಲ್‌ಗೆ ಕರೆಸಿದ್ದು ನಮ್ಮ ನಾಗಪುರಕ್ಕೇ. ಒಂದು ಓವರಿನಲ್ಲಿ ಹದಿನೇಳು ಹೊಡೆ ಅಂದರಂತೆ, ಹುಡುಗ ಮೂರು ಸಿಕ್ಸರ್ ಬಾರಿಸಿದನಂತೆ. ಇದನ್ನು ಅವನ ತಂದೆಯೇ ಪತ್ರಿಕೆಯವರಿಗೆ ಹೇಳಿದ್ದರು. ಹದಿಮೂರರ ಹುಡುಗನಿಗೆ 1.1 ಕೋಟಿ! 'ಹುಚ್ಚರು' ಅಂತ ಬರೆದಿಟ್ಟೆ. ಮುಂದಿನ ಏಪ್ರಿಲ್‌ನಲ್ಲಿ ಆತ ಗುಜರಾತ್ ಮೇಲೆ 35 ಎಸೆತದಲ್ಲಿ ಶತಕ ಹೊಡೆದ. ಆ ಪುಟವೂ ಹಾಗೇ ಇದೆ.

ಇಂಥ ನೋಟ್‌ಬುಕ್ಕಿನವನಿಗೆ 2025ರ ಜನವರಿಯಲ್ಲಿ ಹುಬ್ಬಳ್ಳಿಯಿಂದ ಅಕ್ಕನ ಫೋನ್ ಬಂತು.

"ತಮ್ಮಾ, ನಿನ್ನ ಅಳಿಯ ಒಂದ್ ವರ್ಷ ಕಾಲೇಜ್ ಬಿಟ್ಟು ಬರೇ ಕ್ರಿಕೆಟ್ ಆಡ್ತೀನಿ ಅನ್ನಾಕತ್ತಾನ. ನೀ ಇದರಾಗ ತಿಳದಾಂವ. ಅಂವನ ಕೈಲೆ ಆಗತೈತೇನು, ಖರೇ ಹೇಳು."

ಅಳಿಯನಿಗೆ ಹತ್ತೊಂಬತ್ತು. ಇಂಜಿನಿಯರಿಂಗ್ ಎರಡನೇ ವರ್ಷ, ಕ್ಲಬ್ಬಿಗೆ ಎಡಗೈ ಸ್ಪಿನ್ ಹಾಕುತ್ತಾನೆ. ಅಕ್ಕ ವಾಟ್ಸ್‌ಆ್ಯಪ್‌ನಲ್ಲಿ ಒಂದು ವಿಡಿಯೊ ಕಳಿಸಿದಳು, ನಲವತ್ತು ಸೆಕೆಂಡಿನದು. ಎರಡು ಸಲ ನೋಡಿದೆ. ಅಕ್ಕನಿಗೆ ಹೇಳಿದೆ, ಬ್ಯಾಡ, ಓದಲಿ. ಗುರ್ಬಾನಿಯೂ ಸಿವಿಲ್ ಇಂಜಿನಿಯರ್ ಅಂತ ಸೇರಿಸಿದೆ. ಅಕ್ಕನಿಗೆ ಬೇಕಾಗಿದ್ದೂ ಅದೇ ಮಾತು.

ಮುನಿಸಿಕೊಂಡ ಹುಡುಗನನ್ನು ಸಮಾಧಾನ ಮಾಡಲು ರಣಜಿ ಫೈನಲ್‌ಗೆ ಕರೆಸಿಕೊಂಡೆ. ಫೆಬ್ರವರಿ 26, ಶಿವರಾತ್ರಿ, ನನಗೂ ರಜೆ. ವರ್ಧಾ ರಸ್ತೆಯಲ್ಲಿ ಜಾಮಠಾ ಮುಟ್ಟುವಷ್ಟರಲ್ಲಿ ಕೇರಳದವರು ವಿದರ್ಭದ ಮೂರು ವಿಕೆಟ್ ಉರುಳಿಸಿದ್ದರು, ಸ್ಕೋರು 24. ಆಮೇಲೆ ಇಪ್ಪತ್ತೊಂದರ ದಾನಿಶ್ ಮಾಲೇವಾರ್ ಜೊತೆ ನಮ್ಮ ಕರುಣ್ ನಾಯರ್ 215 ರನ್ ಸೇರಿಸಿದ. ಭಾರತಕ್ಕೆ ತ್ರಿಶತಕ ಹೊಡೆದವನು, ಕರ್ನಾಟಕದಲ್ಲಿ ಜಾಗ ಸಿಗದೆ ಇಲ್ಲಿಗೆ ಬಂದವನು. ಆ ಹರಾಜಿನಲ್ಲಿ ಅವನ ಬೆಲೆ 50 ಲಕ್ಷ. 86ಕ್ಕೆ ರನೌಟ್ ಆದಾಗ ನಾನು ಎದ್ದು ನಿಂತುಬಿಟ್ಟೆ. ಊರು ಬಿಟ್ಟು ಬಂದವರಿಗೆ ಅವನ ಬಗ್ಗೆ ಸ್ವಲ್ಪ ಹೆಚ್ಚೇ ಪ್ರೀತಿ ಇರುತ್ತದೆ, ಅದನ್ನು ಕ್ರಿಕೆಟ್ ವಿಶ್ಲೇಷಣೆ ಅಂತ ಹೇಳಿಕೊಳ್ಳಲಾರೆ.

ಅಳಿಯ ನೋಡಲು ಬಂದಿದ್ದು ಮಾತ್ರ ಹರ್ಷ್ ದುಬೆಯನ್ನು. ಅವನೂ ಎಡಗೈ ಸ್ಪಿನ್ನರ್, ಇಪ್ಪತ್ತೆರಡು ವಯಸ್ಸು. ಮೂರು ತಿಂಗಳ ಹಿಂದೆ ಜೆಡ್ಡಾದ ಹರಾಜಿನಲ್ಲಿ ಯಾವ ತಂಡಕ್ಕೂ ಹೋಗಿರಲಿಲ್ಲ. ಶುಕ್ರವಾರ ನಾನು ರಜೆ ಹಾಕಿ ಹೋದೆ. ಅವತ್ತು ಅವನ ವಿಕೆಟ್ 69ಕ್ಕೆ ಮುಟ್ಟಿತು. ಒಂದು ರಣಜಿ ಸೀಸನ್ನಿನಲ್ಲಿ ಅಷ್ಟು ವಿಕೆಟ್ ಹಿಂದೆ ಯಾರೂ ತೆಗೆದಿರಲಿಲ್ಲ. ನಾನು ಮೊಬೈಲಿನಲ್ಲಿ ಹಳೆಯ ದಾಖಲೆ ಹುಡುಕುತ್ತಿದ್ದೆ.

"ಮಾಮಾ, ನೀ ಬರೇ ಸ್ಕೋರ್ ನೋಡ್ತಿ," ಅಂದ ಅಳಿಯ. "ಫೋರ್ ಹೊಡಿಸ್ಕೊಂಡ ಮ್ಯಾಲೆ ಮುಂದಿನ ಬಾಲ್ ಎಲ್ಲಿ ಹಾಕ್ತಾನ, ಅದನ್ನ ನೋಡು."

ಮೊಬೈಲ್ ಇಟ್ಟು ನೋಡತೊಡಗಿದೆ. ಆ ಕಾಲಂ ನನ್ನ ನೋಟ್‌ಬುಕ್ಕಿನಲ್ಲಿ ಇಲ್ಲ.

ಆವತ್ತು ರಾತ್ರಿ ನಾನು ಅಡುಗೆಮನೆಯಲ್ಲಿದ್ದೆ. ಹೊರಗೆ ಬಂದರೆ ಹುಡುಗನ ಕೈಯಲ್ಲಿ ಅದೇ ನೋಟ್‌ಬುಕ್ಕು. ಜನವರಿಯಲ್ಲಿ ಚಟಕ್ಕೆ ಅವನ ಬಗ್ಗೆಯೂ ಅರ್ಧ ಪುಟ ಗೀಚಿದ್ದೆ: 'ಎಡಗೈ ಸ್ಪಿನ್. ಚೆಂಡಿಗೆ ವೇಗ ಸಾಲದು. 19 ಆಗಿಹೋಗಿದೆ. ಕ್ಲಬ್ ಮಟ್ಟ. ಮುಂದೆ ಹೋಗುವುದಿಲ್ಲ.'

ಅವನು ಜಗಳ ಆಡಲಿಲ್ಲ. "ಮಾಮಾ, ನಾ ಆಡೂದು ನೀ ಯಾವಾಗ ನೋಡಿ?" ಅಂದ.

ನೋಡಿರಲಿಲ್ಲ. ಒಂಬತ್ತು ವರ್ಷದಲ್ಲಿ ಹುಬ್ಬಳ್ಳಿಗೆ ಹೋದಾಗೆಲ್ಲ ಮದುವೆ, ಮನೆ ಒಕ್ಕಲು, ವಾಪಸ್ ಟ್ರೈನು. ಆ ನಲವತ್ತು ಸೆಕೆಂಡೇ ನನ್ನ ಹತ್ತಿರ ಇದ್ದ ಸಾಕ್ಷಿ.

ಮರುದಿನ ಬೆಳಿಗ್ಗೆ ಸೊಸೈಟಿಯ ಪಕ್ಕದ ಮೈದಾನಕ್ಕೆ ಹೋದೆವು. ಅವನ ಬ್ಯಾಗಿನಲ್ಲಿ ಚೆಂಡಿತ್ತು, ಪಕ್ಕದ ಮನೆಯ ಹುಡುಗನ ಬ್ಯಾಟು ಕೇಳಿ ತಂದೆ. ಅವನ ಚೆಂಡು ನಿಧಾನವೇ, ನಾನು ಬರೆದಿದ್ದು ಸುಳ್ಳಲ್ಲ. ಆದರೆ ನಾನು ಬ್ಯಾಟು ಚಾಚಿದ ಜಾಗಕ್ಕೆ ಅದು ಬರಲಿಲ್ಲ. ಎರಡನ್ನು ಹೇಗೋ ಹೊಡೆದೆ. ಹೊಡೆದ ನಂತರದ ಚೆಂಡು ಎರಡು ಸಲವೂ ಸ್ಟಂಪಿನ ಬದಲಿಗಿಟ್ಟ ಇಟ್ಟಿಗೆಗೆ ಬಡಿಯಿತು. ನಲವತ್ತು ದಾಟಿದ ಮಾಮನನ್ನು ಬೋಲ್ಡ್ ಮಾಡುವುದು ಏನೂ ಲೆಕ್ಕಕ್ಕಿಲ್ಲ, ಗೊತ್ತು.

ಭಾನುವಾರ ಪಂದ್ಯ ಡ್ರಾ ಆಯಿತು, ಮೊದಲ ಇನಿಂಗ್ಸ್‌ನ 37 ರನ್ನಿನ ಮುನ್ನಡೆಯಲ್ಲಿ ಟ್ರೋಫಿ ವಿದರ್ಭಕ್ಕೆ. ರಾತ್ರಿ ಅಕ್ಕನಿಗೆ ಫೋನ್ ಮಾಡಿದೆ.

"ಅಕ್ಕಾ, ಅವತ್ತ ನಾ ನೋಡದ ಹೇಳಿಬಿಟ್ಟಿದ್ದೆ. ಏಪ್ರಿಲ್‌ದಾಗ ಬರ್ತೀನಿ. ಅಂವನ ಮ್ಯಾಚ್ ನೋಡಿ ಹೇಳ್ತೀನಿ."

"ಈಗ ಹಿಂಗ ಹೇಳ್ತಿಯಲ್ಲೋ! ಅಂವಗ ಕಾಲೇಜ್ ಬಿಡಬ್ಯಾಡ ಅಂತ ಬೈದು ಕೂಡ್ಸೀನಿ ನಾ," ಅಂದಳು, ಫೋನ್ ಇಟ್ಟಳು.

ಏಪ್ರಿಲ್‌ನಲ್ಲಿ ಹೋಗಿ ಎರಡು ಪಂದ್ಯ ನೋಡಿದೆ. ಒಂದರಲ್ಲಿ ನಾಲ್ಕು ವಿಕೆಟ್, ಇನ್ನೊಂದರಲ್ಲಿ ಚೆನ್ನಾಗಿ ಹೊಡೆಸಿಕೊಂಡ. ಪರೀಕ್ಷೆ ಬರೆಯುತ್ತೇನೆ, ಆಯ್ಕೆಗೂ ಹೋಗುತ್ತೇನೆ ಅಂತ ಅವನೇ ಒಪ್ಪಂದಕ್ಕೆ ಬಂದ. ನಾನು ಹೌದು ಅಂತಲೂ ಅನ್ನಲಿಲ್ಲ, ಬೇಡ ಅಂತಲೂ ಅನ್ನಲಿಲ್ಲ.

ಮೇ ತಿಂಗಳಲ್ಲಿ ಅವನ ಮೆಸೇಜು. ನಮ್ಮ ಕರ್ನಾಟಕದ ಸ್ಮರಣ್‌ಗೆ ಗಾಯವಾಗಿ, ಅವನ ಜಾಗಕ್ಕೆ ಹೈದರಾಬಾದ್ ತಂಡ ಹರ್ಷ್ ದುಬೆಯನ್ನು 30 ಲಕ್ಷಕ್ಕೆ ತೆಗೆದುಕೊಂಡಿತ್ತು. ಸುದ್ದಿಯ ಕೆಳಗೆ ಒಂದೇ ಸಾಲು: "ಮಾಮಾ, ನನ್ನ ಪುಟ ಹರದೀ ಏನು?"

ಹರಿದಿಲ್ಲ ಅಂತ ಬರೆದೆ. ಅಕ್ಕ ಇನ್ನೂ ನನ್ನ ಜೊತೆ ಸರಿಯಾಗಿ ಮಾತಾಡುತ್ತಿಲ್ಲ.