ಕೇದಾರದ ಚಳಿಗೆ ಒಂದು ಉಣ್ಣೆಯ ಟೊಪ್ಪಿಗೆ

ಕೇದಾರನಾಥವನ್ನು ಕಾಣಬೇಕೆಂಬುದು ನಮ್ಮ ತಂದೆಯವರ ಬಹುದಿನಗಳ ಹಂಬಲವಾಗಿತ್ತು. ಅವರ ಕಾಲದಲ್ಲಿ ಅದು ಕೈಗೂಡಲಿಲ್ಲ. 2018ರ ಅಕ್ಟೋಬರದಲ್ಲಿ ನಾವಿಬ್ಬರು ಅಕ್ಕತಂಗಿಯರು, ಎಪ್ಪತ್ತೆರಡರ ಪ್ರಾಯದ ಅವ್ವನನ್ನು ಕರೆದುಕೊಂಡು ಧಾರವಾಡದಿಂದ ಹೊರಟೆವು. ಸಮುದ್ರಮಟ್ಟದಿಂದ 3,583 ಮೀಟರ್ ಎತ್ತರದ ಆ ಕ್ಷೇತ್ರದಲ್ಲಿ ಆ ತಿಂಗಳ ರಾತ್ರಿಗಳು ನೀರು ಹೆಪ್ಪುಗಟ್ಟುವಷ್ಟು ತಣ್ಣಗಿರುತ್ತವೆ. ಅವ್ವನ ಕಿವಿನೋವು ಹಳೆಯದು. ತಂಗಾಳಿ ಸೋಕಿದರೆ ಸಾಕು, ದವಡೆಯವರೆಗೂ ಹಿಡಿದುಕೊಳ್ಳುತ್ತದೆ. ಕಿವಿ, ಕುತ್ತಿಗೆಗಳು ಬೆಚ್ಚಗಿದ್ದರೆ ಮಾತ್ರ ಹೋಗಬಹುದೆಂದು ವೈದ್ಯರು ಹೇಳಿದ್ದರು.

ಪೇಟೆಯಿಂದ ತಂದ ಮಂಕಿ ಕ್ಯಾಪನ್ನು ಅವ್ವ ಮುಟ್ಟಲೂ ಇಲ್ಲ. “ಮಂಗ್ಯಾನ ಹಂಗ ಕಾಣ್ತೇನಿ, ನಾ ಒಲ್ಲೆವ್ವಾ” ಎಂದು ಸೆರಗನ್ನು ಇನ್ನಷ್ಟು ಮುಂದಕ್ಕೆ ಎಳೆದುಕೊಂಡರು. ಇಂಗ್ಲಿಷಿನವರು ಇದನ್ನು ಬಾಲಾಕ್ಲಾವಾ ಎನ್ನುತ್ತಾರೆ. ಅದು ಕ್ರೈಮಿಯದ ಒಂದು ಬಂದರಿನ ಹೆಸರು. 1854ರಲ್ಲಿ ಅಲ್ಲಿ ನಡೆದ ಕದನ ಹೆಸರಾದುದು. ಆ ಚಳಿಗಾಲದಲ್ಲಿ ನಡುಗುತ್ತಿದ್ದ ಬ್ರಿಟಿಷ್ ಸೈನಿಕರಿಗೆ ಊರಿನ ಹೆಂಗಸರು ಉಣ್ಣೆಯ ಉಡುಪುಗಳನ್ನು ಹೆಣೆದು ಕಳುಹಿಸಿದರು. ಟೊಪ್ಪಿಗೆಗೆ ಆ ಊರಿನ ಹೆಸರು ಅಂಟಿಕೊಂಡದ್ದು ಯುದ್ಧ ಮುಗಿದು ಎಷ್ಟೋ ವರ್ಷಗಳಾದ ಮೇಲೆ. ಈ ಕಥೆಯನ್ನು ಹೇಳಿದರೂ ಅವ್ವ ಒಲಿಯಲಿಲ್ಲ.

ಕೊನೆಗೆ ಅವರೇ ಟ್ರಂಕು ತೆಗೆದು ತಂದೆಯವರ ಕಂದು ಬಣ್ಣದ ಸ್ವೆಟರನ್ನು ನಮ್ಮ ಮುಂದಿಟ್ಟರು. ಮದುವೆಯಾದ ಹೊಸತರಲ್ಲಿ ಅವ್ವನೇ ಹೆಣೆದದ್ದು ಅದು. “ಸುಮ್ಮನ ಇಟ್ರ ಹುಳ ತಿಂತಾವು. ಬಿಚ್ಚಿ ಅದರಾಗ ಏನರ ಮಾಡ್ರಿ” ಎಂದರು. ನಮಗೆ ಕೈ ಬರಲಿಲ್ಲ. ಮೊದಲ ಎಳೆಯನ್ನು ಅವ್ವನೇ ಬಿಡಿಸಿ ಕೊಟ್ಟರು. ಬಿಚ್ಚಿದ ಉಣ್ಣೆ ಗುಂಗುರು ಕೂದಲಿನಂತೆ ಸುರುಳಿಗೊಂಡಿರುತ್ತದೆ. ಅದನ್ನು ಲಡಿ ಮಾಡಿ, ಉಗುರುಬೆಚ್ಚನೆಯ ನೀರಿನಲ್ಲಿ ಅದ್ದಿ, ಕೆಳತುದಿಗೆ ಹಗುರವಾದ ಭಾರ ಕಟ್ಟಿ ನೆರಳಿನಲ್ಲಿ ಒಣಗಿಸಿದರೆ ನೂಲು ನೆಟ್ಟಗಾಗುತ್ತದೆ.

ಕ್ರೋಶಾ ಕಡ್ಡಿಯಲ್ಲಿ ಇಂಥ ಟೊಪ್ಪಿಗೆಯನ್ನು ನೆತ್ತಿಯಿಂದ ಆರಂಭಿಸುವುದು ಸುಲಭ. ಚೈನಿನ ಸಣ್ಣ ಉಂಗುರದಲ್ಲಿ ಸಿಂಗಲ್ ಕ್ರೋಶಾದ 6 ಗಿಡ್ಡ ಹೆಣಿಗೆ ಹಾಕಿ, ಸುತ್ತಿಗೆ 6ರಂತೆ ಹೆಚ್ಚಿಸುತ್ತ ಹೋದರೆ ರೊಟ್ಟಿಯಂಥ ಚಪ್ಪಟೆ ಚಕ್ರ ಬರುತ್ತದೆ. ಅವ್ವನ ತಲೆಯ ಸುತ್ತಳತೆ 54 ಸೆಂಟಿಮೀಟರ್. ಚಕ್ರದ ಅಡ್ಡಳತೆ 17 ಸೆಂಟಿಮೀಟರ್ ಆದಾಗ ಹೆಚ್ಚಿಸುವುದನ್ನು ನಿಲ್ಲಿಸಿದೆವು. ಅಲ್ಲಿಂದ ಅದು ತಾನಾಗಿ ಬಟ್ಟಲಾಗುತ್ತದೆ. ಹುಬ್ಬಿನವರೆಗೆ ಇಳಿದ ಮೇಲೆ ಮುಖದಷ್ಟು ಅಗಲವನ್ನು ಬಿಟ್ಟು, ಒಂದು ಕೆನ್ನೆಯಿಂದ ಹಿಂದಲೆಯನ್ನು ಬಳಸಿ ಇನ್ನೊಂದು ಕೆನ್ನೆಗೆ ಹೋಗಿಬರುವ ಸಾಲುಗಳನ್ನು ಹಾಕಬೇಕು. ಗದ್ದದ ಕೆಳಗೆ ಚೈನಿನಿಂದ ಎರಡೂ ಬದಿಗಳನ್ನು ಕೂಡಿಸಿ, ಮತ್ತೆ ಸುತ್ತುಸುತ್ತಾಗಿ ಕುತ್ತಿಗೆಯನ್ನು ಇಳಿಸಬೇಕು. ನಾವು ತಪ್ಪಿದ್ದು ಕಿವಿಯ ಹತ್ತಿರ. ಹೊರಡುವ ದಿನ ಸಮೀಪಿಸಿತೆಂದು ಅವಸರಪಟ್ಟು ಅಲ್ಲಿಂದ ಕೆಳಗೆ ಉದ್ದ ಕಂಬಗಳನ್ನು ಹಾಕಿ ಎರಡೇ ಸಂಜೆಯಲ್ಲಿ ಮುಗಿಸಿದೆವು. ನೋಡಲು ಸೊಗಸಾಗಿಯೇ ಇತ್ತು.

ಗುಪ್ತಕಾಶಿಯ ವಸತಿಗೃಹದಲ್ಲಿ ಮೊದಲ ರಾತ್ರಿಯೇ ತಪ್ಪು ಬಯಲಾಯಿತು. ಬಾಲ್ಕನಿಯಲ್ಲಿ ಕುಳಿತಿದ್ದ ಅವ್ವ ಟೊಪ್ಪಿಗೆಯ ಮೇಲಿಂದಲೇ ಕಿವಿ ಹಿಡಿದುಕೊಂಡಿದ್ದರು. ದೀಪಕ್ಕೆ ಹಿಡಿದು ನೋಡಿದರೆ ಕಂಬಗಳ ನಡುವೆ ಜರಡಿಯಂತೆ ಬೆಳಕು ತೂರುತ್ತಿತ್ತು. ಬೆಚ್ಚಗಿಡುವುದು ಉಣ್ಣೆಯ ಎಳೆಗಳ ನಡುವೆ ನಿಂತ ಗಾಳಿ. ಹೊರಗಿನ ಗಾಳಿ ನುಗ್ಗಿ ಅದನ್ನು ಕದಲಿಸಿದರೆ ಎಷ್ಟು ಉಣ್ಣೆಯಿದ್ದರೂ ವ್ಯರ್ಥ. ಬಾಗಿಲ ತೋರಣಕ್ಕೂ ಕಿವಿಯ ಟೊಪ್ಪಿಗೆಗೂ ಒಂದೇ ಹೆಣಿಗೆ ಸಲ್ಲದೆಂಬುದು ಇಷ್ಟು ವರ್ಷ ಕಡ್ಡಿ ಹಿಡಿದ ನಮಗೆ ಹೊಳೆಯದೆ ಹೋಯಿತಲ್ಲ!

ನೆತ್ತಿಯೊಂದನ್ನು ಉಳಿಸಿ ಮಿಕ್ಕದ್ದನ್ನೆಲ್ಲ ಬಿಚ್ಚಿದೆವು. ಮರುದಿನ ಊಖೀಮಠಕ್ಕೆ ಹೋಗುವುದೆಂದು ಮೊದಲೇ ನಿಶ್ಚಯಿಸಿದ್ದುದು ಅನುಕೂಲವಾಯಿತು. ಮಂದಾಕಿನಿಯ ಕಣಿವೆಯಾಚೆ, ಗುಪ್ತಕಾಶಿಗೆ ಎದುರಾಗಿರುವ ಊರು ಅದು. ದೀಪಾವಳಿಯ ಬಳಿಕ ಕೇದಾರದ ಬಾಗಿಲು ಮುಚ್ಚಿದಾಗ ಉತ್ಸವಮೂರ್ತಿ ಅಲ್ಲಿನ ಓಂಕಾರೇಶ್ವರ ದೇವಾಲಯಕ್ಕೆ ಇಳಿದುಬಂದು ಚಳಿಗಾಲವನ್ನು ಕಳೆಯುತ್ತದೆ. ದರ್ಶನ ಮುಗಿಸಿ, ಬಿಸಿಲು ಬೀಳುವ ಕಟ್ಟೆಯೊಂದರ ಮೇಲೆ ಕುಳಿತು ಸರದಿಯ ಮೇಲೆ ಹೆಣೆದೆವು. ಈ ಸಲ ಪೂರ್ತಿ ಗಿಡ್ಡ ಹೆಣಿಗೆ. ಒತ್ತಾದ ಹೆಣಿಗೆಗೆ ನೂಲು ಹೆಚ್ಚು ಬೇಕು. ಗದ್ದದ ಹತ್ತಿರ ಬರುವಷ್ಟರಲ್ಲಿ ತಂದೆಯವರ ಸ್ವೆಟರು ಮುಗಿದುಹೋಯಿತು. ಗುಪ್ತಕಾಶಿಯ ಪೇಟೆಯಲ್ಲಿ ಬೂದು ಬಣ್ಣದ ಉಣ್ಣೆ ಸಿಕ್ಕಿತು. ಕಂದಿಗೆ ಬೂದು ಒಪ್ಪುವುದಿಲ್ಲವೆಂದು ನಾವು ಪೇಚಾಡಿದರೆ, “ಗುಡ್ಡದಾಗ ನನ್ನ ನೋಡಾಕ ಯಾರ ಬರ್ತಾರ?” ಎಂದು ಅವ್ವ ನಕ್ಕರು.

ಗೌರೀಕುಂಡದಿಂದ ಮೇಲಕ್ಕೆ ಸುಮಾರು 16 ಕಿಲೋಮೀಟರ್. 2013ರ ಜೂನ್ ಪ್ರವಾಹದಲ್ಲಿ ರಾಂಬಾಡಾ ಎಂಬ ನಡುದಾರಿಯ ತಂಗುದಾಣವೇ ಕೊಚ್ಚಿಹೋಯಿತು. ಅಲ್ಲಿಂದ ಮುಂದಿನ ಹಾದಿಯನ್ನು ನದಿಯ ಇನ್ನೊಂದು ದಂಡೆಯಲ್ಲಿ ಹೊಸದಾಗಿ ಕಡಿದಿದ್ದಾರೆ. ಅವ್ವನಿಗೆ ಡೋಲಿ ಮಾಡಿದ್ದೆವು, ನಾವು ನಡೆದೆವು. ಏರು ಹತ್ತುವ ನಮಗೆ ಬೆವರು, ಅಲುಗದೆ ಕುಳಿತ ಅವ್ವನಿಗೆ ನಡುಕ. ಹೊತ್ತೊಯ್ಯಿಸಿಕೊಳ್ಳುವವರಿಗೇ ಚಳಿ ಹೆಚ್ಚೆಂಬುದನ್ನು ಯಾತ್ರೆಗೆ ಹಿರಿಯರನ್ನು ಕರೆದೊಯ್ಯುವವರು ಮರೆಯಬಾರದು. ಡೋಲಿ ಹೊತ್ತವರಂತೂ ತಮ್ಮ ಟೊಪ್ಪಿಗೆಗಳನ್ನು ಹಣೆಯ ಮೇಲಕ್ಕೆ ಸುತ್ತಿಕೊಂಡಿದ್ದರು. ಮಧ್ಯಾಹ್ನ ಮೋಡ ಕವಿದು ಗಾಳಿ ಎದ್ದಾಗ ನಾವು ಓಡಿಹೋಗಿ ಅವ್ವನ ಮುಖ ನೋಡಿದೆವು. ಸೆರಗಿನೊಳಗೆ ಟೊಪ್ಪಿಗೆ, ಟೊಪ್ಪಿಗೆಯೊಳಗೆ ಎರಡು ಕಣ್ಣು, ಮೂಗು. ಕೈ ಕಿವಿಯ ಮೇಲಿರಲಿಲ್ಲ, ಮಡಿಲಲ್ಲಿತ್ತು.

ಕೇದಾರದ ರಾವಲರೂ ಅರ್ಚಕರೂ ವೀರಶೈವ ಪರಂಪರೆಯವರು, ಅರ್ಚಕರು ನಮ್ಮ ಕರ್ನಾಟಕದ ಕಡೆಯವರೆಂಬುದು ಓದುಗರಿಗೆ ತಿಳಿದುದೇ. ದರ್ಶನವಾದ ಮೇಲೆ ಅರ್ಚಕರೊಬ್ಬರು ನಮ್ಮ ಮಾತು ಕೇಳಿ, “ಯಾವ ಊರವ್ವಾ?” ಎಂದು ಕನ್ನಡದಲ್ಲಿ ವಿಚಾರಿಸಿದರು. ಅವ್ವನಿಗೆ ಕೇಳಿಸಲಿಲ್ಲ. ಅವರು ಮತ್ತೆ ಕೇಳಿದಾಗ ಅವ್ವ ಟೊಪ್ಪಿಗೆಯ ಅಂಚನ್ನು ಒಂದು ಕಿವಿಯಿಂದ ಮೇಲೆತ್ತಿ, “ಧಾರವಾಡ್ರೀ” ಎಂದರು. ಆಮೇಲೆ ಟೊಪ್ಪಿಗೆಯನ್ನು ಮುಟ್ಟಿ, “ಇದು ಅವರದು” ಎಂದು ಸೇರಿಸಿದರು. ಅರ್ಚಕರಿಗೆ ಏನು ಅರ್ಥವಾಯಿತೋ, ತಲೆದೂಗಿ ವಿಭೂತಿ ಕೊಟ್ಟರು. ಅವ್ವ ಅದನ್ನು ಹಣೆಗೆ ಹಚ್ಚಿಕೊಂಡು, ಉಳಿದ ಚಿಟಿಕೆಯನ್ನು ಕಂದು ಉಣ್ಣೆಯ ನೆತ್ತಿಗೂ ಸವರಿ, ಅಂಚನ್ನು ಮತ್ತೆ ಕಿವಿಯ ಮೇಲೆ ಎಳೆದುಕೊಂಡರು.