ಇಲಿ ಬಯಲಿಗೆ ಬಂದರೆ

ಸುಗಂಧ ತೈಲದಿಂದ ಆತಂಕ ಇಳಿಯಿತೇ ಎಂದು ಇಲಿಯನ್ನು ಕೇಳಲಾಗದು. ಅದಕ್ಕೇ ಪ್ರಯೋಗಾಲಯದಲ್ಲಿ ನೆಲದಿಂದ ಸುಮಾರು 50 ಸೆಂ.ಮೀ. ಎತ್ತರದಲ್ಲಿ ನಾಲ್ಕು ಕವಲಿನ ಹಾದಿ ಮಾಡಿರುತ್ತಾರೆ. ಎರಡು ಕವಲಿಗೆ ಗೋಡೆ, ಎರಡು ಬಯಲು. ಹೆದರಿದ ಇಲಿ ಗೋಡೆಯ ಮರೆ ಬಿಡುವುದಿಲ್ಲ. ಭಯ ತಗ್ಗಿದರೆ ಬಯಲಿಗೆ ಬರುತ್ತದೆ. ಒಟ್ಟು ಓಡಾಟವನ್ನೂ ಎಣಿಸುತ್ತಾರೆ, ಮಂಪರನ್ನು ನೆಮ್ಮದಿ ಎಂದು ತಿಳಿಯಬಾರದಲ್ಲ!

ಲ್ಯಾವೆಂಡರ್‌ನಲ್ಲೂ ನಮ್ಮ ಕೊತ್ತಂಬರಿ ಬೀಜದಲ್ಲೂ ಇರುವ ಲಿನಲೂಲ್‌ನ ವಾಸನೆ ಇಲಿಮರಿ ಗಾತ್ರದ ಸುಂಡಿಲಿಗಳ ಆತಂಕ ತಗ್ಗಿಸಿತೆಂದು ಜಪಾನಿನ ಕಾಗೋಶಿಮಾ ವಿಶ್ವವಿದ್ಯಾಲಯದವರು 2018ರಲ್ಲಿ ಪ್ರಕಟಿಸಿದರು. ವಾಸನೆ ಹಿಡಿಯಲಾಗದ ಸುಂಡಿಲಿಗಳಲ್ಲಿ ಆ ಪರಿಣಾಮ ಕಾಣಲಿಲ್ಲ.

ಇಂಥ ಪರೀಕ್ಷೆ ನಮ್ಮಲ್ಲೂ ನಡೆಯಬಹುದು. ವೈದ್ಯಕೀಯ, ಫಾರ್ಮಸಿ, ಆಯುರ್ವೇದ ಮೂರೂ ಕಾಲೇಜುಗಳನ್ನು ಬಿಎಲ್‌ಡಿಇ ಸಂಸ್ಥೆ ವಿಜಯಪುರದಲ್ಲೇ ನಡೆಸುತ್ತಿದೆ. ತಿಕೋಟಾ, ಬಬಲೇಶ್ವರದ ಹುಡುಗ ಹುಡುಗಿಯರು ನಮ್ಮ ಹೊಲದಂಚಿನ ತುಳಸಿಯನ್ನೂ ಇಂಡಿ ತಾಲ್ಲೂಕಿನ ನಿಂಬೆಯ ಸಿಪ್ಪೆಯನ್ನೂ ಹೀಗೆ ಒರೆಗೆ ಹಚ್ಚಲಿ. ಪ್ರಾಣಿ ಪ್ರಯೋಗಗಳ ನೈತಿಕ ಸಮಿತಿಯ ಒಪ್ಪಿಗೆ ಪಡೆದು, ಆದಷ್ಟು ಕಡಿಮೆ ಜೀವಗಳನ್ನು ಬಳಸಲಿ.

ಆದರೆ ಇಲಿಯಲ್ಲಿ ಕಂಡ ಫಲ ಮನುಷ್ಯರಿಗೆ ಬರೆದ ಚೀಟಿಯಲ್ಲ. ಆತಂಕ ಕಾಡುತ್ತಿದ್ದರೆ ವೈದ್ಯರನ್ನು ಕಾಣಿರಿ; ಸುಗಂಧ ತೈಲವನ್ನು ಔಷಧವೆಂದು ಕುಡಿಯಬೇಡಿರಿ.